ಬಡಗಿಯ ಹತ್ಯಾರು ಪೆಟ್ಟಿಗೆ

ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿತು ಹೋದ ಹಳೆಯ ವಿದ್ಯಾರ್ಥಿನಿಯರು ತಮ್ಮ ಹೊಲಿಗೆಯ ಪೆಟ್ಟಿಗೆಯನ್ನು ಮರೆತಿರಲಾರರು. ಭಾರವಾದ ಕತ್ತರಿಯೂ ಬಟ್ಟೆಯ ತುಂಡುಗಳೂ ಅದರ ತಳದಲ್ಲಿರುವುವು. ಸೂಜಿ, ದಾರದ ಉಂಡೆ, ಗುಂಡಿ ಮೊದಲಾದ ಸಣ್ಣ ಸಾಮಾನುಗಳು ಮೇಲಿನ ತಟ್ಟೆಯಲ್ಲಿರುವುವು. ಬೇಕಾದುದು ಕಣ್ಣು ಮುಚ್ಚಿದರೂ ಕೈಗೆ ಸಿಕ್ಕಬೇಕು, ಸೂಜಿಯ ಮೊನೆ ಕತ್ತರಿಗೆ ತಗಲಿ ಕೆಡಬಾರದು, ತೇವ ತಗಲಿ ತುಕ್ಕು ಹಿಡಿಯಬಾರದು ಎಂಬ ಮೂರು ಮಾತುಗಳನ್ನು ಆ ಪೆಟ್ಟಿಗೆಯನ್ನು ಇಟ್ಟುಕೊಂಡವರೆಲ್ಲರೂ ಬಲ್ಲರು. ಇದೇ ಮೂರು ಅಗತ್ಯಗಳಿಂದ ಹುಟ್ಟಿದ, ಆದರೆ ಗಾತ್ರದಲ್ಲಿಯೂ ವಿದ್ಯೆಯಲ್ಲಿಯೂ ಬಹಳ ದೊಡ್ಡದಾದ ಮತ್ತೊಂದು ಪೆಟ್ಟಿಗೆಯುಂಟು. ಅದು ಬಡಗಿಯು ತನ್ನ ಕೈಯಿಂದಲೇ ಮಾಡಿಕೊಂಡು, ತನ್ನ ಉಳಿ ಗರಗಸಗಳನ್ನು ತುಂಬಿ, ಮೂವತ್ತು ನಾಲ್ವತ್ತು ವರ್ಷ ದಿನವೂ ತೆರೆದು ಮುಚ್ಚುವ ಹತ್ಯಾರು ಪೆಟ್ಟಿಗೆ. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಬಡಗಿತನದ ಪಾಠವೇಕೆ ಎಂದು ಯಾರಾದರೂ ಕೇಳಿಯಾರು. ಮನೆಯಲ್ಲಿ ಮಳೆಗಾಲ ಬಂದೊಡನೆ ಬಿಗಿದುಕೊಳ್ಳುವ ಬಾಗಿಲನ್ನು ದಿನಕ್ಕೆ ಹತ್ತು ಸಲ ನೂಕುವವರು ಹೆಂಗಸರೇ ಆಗಿರುವುದರಿಂದ, ಮರದ ಗುಣವನ್ನು ತಿಳಿಯುವ ಹಕ್ಕು ಅವರಿಗೆ ಇತರರಿಗಿಂತ ಕಡಮೆಯಿಲ್ಲವೆಂಬುದು ನಮ್ಮ ಉತ್ತರ.

ಕೆಲಸಗಾರನು ತನ್ನ ಉಪಕರಣಗಳನ್ನು ಪೆಟ್ಟಿಗೆಯಲ್ಲಿಡುವ ಪದ್ಧತಿ ಬಹು ಪುರಾತನವಾದುದು. ಸ್ವೀಡನ್ ದೇಶಕ್ಕೆ ಸೇರಿದ ಗಾಟ್‌ಲೆಂಡ್ ದ್ವೀಪದಲ್ಲಿ ಮಾಸ್ಟರ್ಮೂರ್ ಎಂಬ ಜೌಗು ನೆಲವನ್ನು ಬತ್ತಿಸಿ ಹೊಲ ಮಾಡಿದ್ದರು. 1936ನೆಯ ಇಸವಿಯಲ್ಲಿ ಅಲ್ಲಿ ಉಳುತ್ತಿದ್ದಾಗ ನೇಗಿಲಿಗೆ ಓಕ್ ಮರದ ಒಂದು ಪೆಟ್ಟಿಗೆ ಎಡವಿತು. ಅದು ಸುಮಾರು ಸಾವಿರ ವರ್ಷಗಳ ಹಿಂದಿನದು. ಮೂರು ಅಡಿಯಷ್ಟು ಉದ್ದ, ಒಂದು ಅಡಿಗಿಂತ ಕಡಮೆ ಅಗಲ. ಅದರಲ್ಲಿಯೂ ಅದರ ಸುತ್ತಲೂ ದೊರೆತ ವಸ್ತುಗಳು ಇನ್ನೂರಕ್ಕೆ ಮೇಲ್ಪಟ್ಟುವು. ಗರಗಸ, ಬಾಚಿ, ಬೈರಿಗೆ, ಅರ, ಸುತ್ತಿಗೆ, ಇಕ್ಕಳ ಎಲ್ಲವೂ ಅಲ್ಲಿದ್ದುವು. ಅದರ ಒಡೆಯನು ಮರದ ಕೆಲಸವನ್ನೂ ಕಬ್ಬಿಣದ ಕೆಲಸವನ್ನೂ ಬಲ್ಲವನಾಗಿದ್ದನೆಂದು ಇದರಿಂದ ತಿಳಿಯಬರುವುದು. ಇಂಗ್ಲೆಂಡಿನ ಎಂಟನೆಯ ಹೆನ್ರಿ ಅರಸನ ಮೇರಿ ರೋಸ್ ಎಂಬ ಯುದ್ಧನೌಕೆ 1545ರಲ್ಲಿ ಮುಳುಗಿತು. 1982ರಲ್ಲಿ ಅದನ್ನು ಸಮುದ್ರದಿಂದ ಮೇಲೆತ್ತಿದರು. ಆ ಹಡಗಿನಲ್ಲಿ ಬಡಗಿಗಳ ಕೋಣೆಯೊಂದಿದ್ದು, ಅವರ ಪೆಟ್ಟಿಗೆಗಳೂ ಉಪಕರಣಗಳೂ, ಅವುಗಳ ಜೊತೆಗೆ ಪಗಡೆಯನ್ನು ಹೋಲುವ ಆಟದ ಹಲಗೆಯೂ ಸಿಕ್ಕಿದುವು. ಕೆಲಸಗಾರರಿಗೆ ವಿರಾಮವೂ ಇತ್ತೆಂಬುದು ಸಂತೋಷದ ಸಂಗತಿ.

ಆದರೆ ನಾವು ಇಲ್ಲಿ ವಿವರಿಸಬೇಕೆಂದಿರುವುದು ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕಾದಲ್ಲಿಯೂ ಬಳಕೆಯಲ್ಲಿದ್ದ ದೊಡ್ಡ ಪೆಟ್ಟಿಗೆಯನ್ನು. ಅದರ ಉದ್ದ ಸಾಧಾರಣವಾಗಿ 38ರಿಂದ 40 ಅಂಗುಲ. ಅಗಲವೂ ಎತ್ತರವೂ ಸುಮಾರು 24 ಅಂಗುಲ. ಈ ಅಳತೆಗಳು ಯಾರೋ ಮನಸ್ಸಿಗೆ ಬಂದಂತೆ ಇಟ್ಟುವಲ್ಲ. ಕೈಗರಗಸದ ಅಲಗು 26 ಅಂಗುಲವಿದ್ದರೆ ಹಿಡಿಕೆ ಸೇರಿ 30 ಅಂಗುಲದಷ್ಟಾಗುವುದು. ಉದ್ದದ ಹಲಗೆಗಳ ಅಂಚನ್ನು ನೇರಮಾಡುವ ಹಿರಿಯ ಹತ್ತರಿಯೂ ಅದಕ್ಕೆ ಹೆಚ್ಚು ಕಡಮೆಯಿಲ್ಲ. ಇವೆರಡೂ ಮಲಗುವಷ್ಟು ಉದ್ದ ಬೇಕು. ಎತ್ತರವಾದರೋ, ನಿಂತವನು ಬಗ್ಗಿ ಕೈ ಚಾಚಿದರೆ ತಳ ಮುಟ್ಟುವಷ್ಟಿದ್ದರೆ ಸಾಕು. ಅದಕ್ಕಿಂತ ಆಳವಾದ ಪೆಟ್ಟಿಗೆಯ ತಳದಲ್ಲಿಟ್ಟ ವಸ್ತುವನ್ನು ಯಾರೂ ತೆಗೆಯುವುದಿಲ್ಲ.

ಒಳಗಿನ ವ್ಯವಸ್ಥೆಯನ್ನು ನೋಡೋಣ. ತಳದಲ್ಲಿ ಹಿಂಬದಿಗೆ ಅಂಚುಪಟ್ಟಿಗಳ ಅಲಂಕಾರವನ್ನು ಕೊರೆಯುವ ಹತ್ತರಿಗಳು ಸಾಲಾಗಿ ನಿಲ್ಲುವುವು. ಮುಂಬದಿಗೆ ಗರಗಸಗಳು ಹಲ್ಲು ಕೆಳಗಾಗಿ, ಒಂದಕ್ಕೊಂದು ತಗಲದಂತೆ ಸೀಳು ಮಾಡಿದ ಮರದ ಕಂಬಗಳಲ್ಲಿ ನಿಲ್ಲುವುವು. ನಡುವೆ ದೊಡ್ಡ ಹತ್ತರಿಗಳು. ಇವುಗಳ ಮೇಲೆ ಮೂರು ತಟ್ಟೆಗಳು, ಒಂದಕ್ಕಿಂತ ಒಂದು ಮೇಲಾಗಿ, ಮೇಜಿನ ಸೆಳೆಖಾನೆಯಂತೆ ಹಿಂದಕ್ಕೂ ಮುಂದಕ್ಕೂ ಸರಿಯುವುವು. ಒಂದೊಂದು ತಟ್ಟೆಯೂ ಪೆಟ್ಟಿಗೆಯ ಅಗಲದ ಅರ್ಧಕ್ಕಿಂತ ಕಿರಿದಾಗಿರುವುದರಿಂದ, ಅವನ್ನು ಹಿಂದಕ್ಕೆ ನೂಕಿದರೆ ಮುಂದಿನ ತಳ ಕಾಣುವುದು; ಮುಂದಕ್ಕೆ ಎಳೆದರೆ ಹಿಂದಿನದು ಕಾಣುವುದು. ಯಾವುದನ್ನೂ ಹೊರಗೆ ತೆಗೆದು ನೆಲದ ಮೇಲೆ ಇಡಬೇಕಾದುದಿಲ್ಲ. ಉಳಿಗಳು, ಕೈವಾರ, ಮೂಲೆಮಟ್ಟ, ಬೈರಿಗೆಯ ಮೊನೆಗಳು, ಸಾಣೆಕಲ್ಲು ಇವೆಲ್ಲಕ್ಕೂ ಆ ತಟ್ಟೆಗಳಲ್ಲಿ ಗೊತ್ತಾದ ಸ್ಥಳವುಂಟು.

ಇಷ್ಟೆಲ್ಲವನ್ನು ಹೊತ್ತು, ಹತ್ತಾರು ವರ್ಷ ಬಿಸಿಲು ಮಳೆ ಧೂಳುಗಳ ನಡುವೆ ಇದ್ದರೂ ಪೆಟ್ಟಿಗೆ ಬಿರಿಯದೆ ನಿಲ್ಲುವುದು ಹೇಗೆ? ಇದೇ ಈ ಪಾಠದ ಮುಖ್ಯ ಭಾಗ. ಮರವು ಕಡಿದ ಮೇಲೆಯೂ ಸುಮ್ಮನಿರುವ ವಸ್ತುವಲ್ಲ. ಗಾಳಿಯಲ್ಲಿ ತೇವ ಹೆಚ್ಚಿದಾಗ ಅದು ನೀರನ್ನು ಹೀರಿ ಉಬ್ಬುವುದು, ಒಣಗಾಳಿಯಲ್ಲಿ ನೀರನ್ನು ಬಿಟ್ಟು ಕುಗ್ಗುವುದು. ಆದರೆ ಎಲ್ಲ ದಿಕ್ಕಿನಲ್ಲಿಯೂ ಒಂದೇ ಸಮನಾಗಿ ಅಲ್ಲ. ಎಳೆಯ ಉದ್ದಕ್ಕೆ ಅದು ಬಹುಮಟ್ಟಿಗೆ ಬದಲಾಗುವುದೇ ಇಲ್ಲ. ಎಳೆಗೆ ಅಡ್ಡಲಾಗಿ ಬದಲಾಗುವುದು. ಅದರಲ್ಲಿಯೂ ತಿರುಳಿನಿಂದ ತೊಗಟೆಯ ಕಡೆಗೆ ಕಡಮೆ, ವರ್ಷದ ಉಂಗುರಗಳ ಜಾಡನ್ನು ಹಿಡಿದು ಹೆಚ್ಚು. ನಮ್ಮ ತೇಗದ ಮರವನ್ನೇ ತೆಗೆದುಕೊಳ್ಳೋಣ. ಹಸಿಯ ಸ್ಥಿತಿಯಿಂದ ಪೂರ್ತಿಯಾಗಿ ಒಣಗಿಸಿದರೆ ಅದು ಮೊದಲನೆಯ ದಿಕ್ಕಿನಲ್ಲಿ ನೂರಕ್ಕೆ 2.5ರಷ್ಟೂ ಎರಡನೆಯ ದಿಕ್ಕಿನಲ್ಲಿ 5.8ರಷ್ಟೂ ಕುಗ್ಗುವುದೆಂದು ಶಾಸ್ತ್ರಜ್ಞರು ಅಳೆದಿರುವರು. ಅಮೆರಿಕಾದ ಬಿಳಿಯ ಪೈನ್ ಮರದ ಲೆಕ್ಕವೂ ಇದಕ್ಕೆ ಸಮೀಪವಾಗಿದೆ. ಈ ಅಂಕಿಗಳು ಸಣ್ಣವೆಂದು ತೋರಬಹುದು. ಆದರೆ 24 ಅಂಗುಲ ಅಗಲದ ಒಂದೇ ಹಲಗೆಯ ತೇವಾಂಶವು ಬೇಸಿಗೆಯಲ್ಲಿ ನೂರಕ್ಕೆ 8 ಇದ್ದುದು ಮಳೆಗಾಲದಲ್ಲಿ 14ಕ್ಕೆ ಏರಿದರೆ, ಆ ಹಲಗೆ ಕಾಲು ಅಂಗುಲಕ್ಕಿಂತಲೂ ಹೆಚ್ಚಾಗಿ ಅಗಲವಾಗುವುದು. ಆಷಾಢದಲ್ಲಿ ಬಾಗಿಲು ಬಿಗಿಯುವುದಕ್ಕೂ ಮಾಘದಲ್ಲಿ ಅದೇ ಬಾಗಿಲ ಸಂದಿನಲ್ಲಿ ಬೆಳಕು ಇಣಕುವುದಕ್ಕೂ ಇದೇ ಕಾರಣ.

ಈ ಚಲನೆಯನ್ನು ಯಾವ ಮೊಳೆಯೂ ಯಾವ ಅಂಟೂ ತಡೆಯಲಾರದು. ತಡೆದರೆ ಮರವೇ ಸೀಳುವುದು. ಆದಕಾರಣ ಬಲ್ಲ ಬಡಗಿಯು ತಡೆಯಲು ಹೋಗದೆ ಅದಕ್ಕೆ ದಾರಿ ಮಾಡಿಕೊಡುವನು. ಪೆಟ್ಟಿಗೆಯ ನಾಲ್ಕು ಗೋಡೆಗಳಲ್ಲಿಯೂ ಮರದ ಎಳೆ ನೆಲಕ್ಕೆ ಸಮಾನವಾಗಿ, ಸುತ್ತಲೂ ಒಂದೇ ದಿಕ್ಕಿನಲ್ಲಿ ಹೋಗುವಂತೆ ಇಡುವನು. ಆಗ ನಾಲ್ಕೂ ಗೋಡೆಗಳು ಮೇಲಕ್ಕೂ ಕೆಳಕ್ಕೂ ಒಟ್ಟಾಗಿಯೇ ಉಬ್ಬಿ ಒಟ್ಟಾಗಿಯೇ ಕುಗ್ಗುವುವು, ಮೂಲೆಗಳಲ್ಲಿ ಜಗಳವಿಲ್ಲ. ಆ ಮೂಲೆಗಳನ್ನು ಪಾರಿವಾಳದ ಬಾಲದ ಆಕಾರದ ಹಲ್ಲುಗಳಿಂದ ಒಂದರೊಳಗೊಂದು ಹೆಣೆಯುವನು. ಇದನ್ನು ಡವ್‌ಟೈಲ್ ಜೋಡಣೆ ಎನ್ನುವರು. ಹಲ್ಲಿನ ತುದಿ ಬುಡಕ್ಕಿಂತ ಅಗಲವಾಗಿರುವುದರಿಂದ ಅಂಟು ಸಡಿಲವಾದರೂ ಆ ದಿಕ್ಕಿನಲ್ಲಿ ಹಲಗೆ ಕಳಚಿ ಬರಲಾರದು. ಆದರೆ ಮತ್ತೊಂದು ದಿಕ್ಕಿನಲ್ಲಿ ಕಳಚಬಹುದಲ್ಲವೇ ಎಂದು ಜಾಣೆಯಾದ ವಿದ್ಯಾರ್ಥಿನಿ ಕೇಳುವಳು. ಅದಕ್ಕೂ ಉಪಾಯವಿದೆ. ಪೆಟ್ಟಿಗೆಯ ಬುಡಕ್ಕೂ ಬಾಯಿಯ ಅಂಚಿಗೂ ಸುತ್ತಲೂ ಒಂದೊಂದು ಪಟ್ಟಿಯನ್ನು ಕಟ್ಟಿ, ಆ ಪಟ್ಟಿಯ ಮೂಲೆಗಳ ಹಲ್ಲುಗಳನ್ನು ಗೋಡೆಯ ಹಲ್ಲುಗಳಿಗೆ ವಿರುದ್ಧವಾಗಿ ತಿರುಗಿಸುವರು. ಗೋಡೆ ಯಾವ ಕಡೆಗೆ ಬಿಚ್ಚಲು ಹವಣಿಸುವುದೋ ಆ ಕಡೆಗೆ ಪಟ್ಟಿ ಬಿಡದು. ಪಟ್ಟಿ ಬಿಚ್ಚಬಹುದಾದ ಕಡೆಗೆ ಗೋಡೆ ಬಿಡದು.

ಮುಚ್ಚಳವನ್ನು ಒಂದೇ ಅಗಲವಾದ ಹಲಗೆಯಿಂದ ಮಾಡಿದರೆ ಮೇಲೆ ಹೇಳಿದ ಕಾಲು ಅಂಗುಲದ ತೊಂದರೆ ಬರುವುದು; ಒಂದು ಋತುವಿನಲ್ಲಿ ಅದು ಕೂರದು, ಇನ್ನೊಂದರಲ್ಲಿ ಧೂಳನ್ನು ಒಳಗೆ ಬಿಡುವುದು. ಆದುದರಿಂದ ಸುತ್ತಲೂ ಕಿರಿದಾದ ಪಟ್ಟಿಗಳ ಚೌಕಟ್ಟು ಮಾಡಿ, ಅದರ ಗಾಡಿಯಲ್ಲಿ ನಡುವಿನ ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸುವರು. ಹಲಗೆ ತನ್ನ ಗಾಡಿಯೊಳಗೇ ಉಬ್ಬಿ ಕುಗ್ಗುವುದು. ಚೌಕಟ್ಟಿನ ಅಳತೆ ಬದಲಾಗದು. ನಮ್ಮ ಮನೆಗಳ ಹಳೆಯ ಬಾಗಿಲುಗಳಲ್ಲಿ ಕಾಣುವ ದಿಲ್ಲೆಗಳೂ ಇದೇ ಯುಕ್ತಿಯಿಂದ ಆದವು.

ಈಗ ತಳದ ವಿಚಾರ. ನಮಗೆ ಈ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೆಚ್ಚಿಗೆಯಾದ ಭಾಗವು ಇದೇ, ಇದನ್ನು ಯಾರೂ ಬಗ್ಗಿ ನೋಡದಿದ್ದರೂ. ತಳದ ಹಲಗೆಗಳು ಪೆಟ್ಟಿಗೆಯ ಉದ್ದಕ್ಕೆ ಹೋಗದೆ ಮುಂದಿನಿಂದ ಹಿಂದಕ್ಕೆ ಅಡ್ಡಲಾಗಿ ಹೋಗುವುವು. ಹೀಗೆ ಮಾಡಿದರೆ ಭಾರವನ್ನು ಹೊರಬೇಕಾದ ಅಂತರ ಚಿಕ್ಕದಾಗುವುದು. ಹಲಗೆಗಳ ಅಂಚುಗಳು ಒಂದರ ನಾಲಗೆ ಇನ್ನೊಂದರ ಗಾಡಿಯಲ್ಲಿ ಸೇರುವಂತೆ ಇರುವುದರಿಂದ, ಕುಗ್ಗಿದಾಗಲೂ ಸಂದು ಬಾಯಿ ತೆರೆಯದು. ಇವನ್ನು ಅಂಟಿಸದೆ ಮೊಳೆಗಳಿಂದ ಮಾತ್ರ ಹೊಡೆದಿರುವರು. ಅಷ್ಟು ನಾಜೂಕಾದ ಮೂಲೆಗಳನ್ನು ಮಾಡಿದವನು ತಳಕ್ಕೆ ಬಂದಾಗ ಸೋಮಾರಿಯಾದನೇ? ಅಲ್ಲ. ನೆಲದ ತೇವದಿಂದ ಮೊದಲು ಕೊಳೆಯುವುದು ತಳವೇ ಎಂದು ಅವನಿಗೆ ಗೊತ್ತು. ಕೊಳೆತ ದಿನ ಮೊಳೆ ಕಿತ್ತು ಒಂದೆರಡು ಹೊಸ ಹಲಗೆಗಳನ್ನು ಹೊಡೆದರೆ ತೀರಿತು, ಗೋಡೆಗಳನ್ನು ಮುಟ್ಟಬೇಕಾಗಿಲ್ಲ. ತಳದ ಕೆಳಗೆ ಎರಡು ದಪ್ಪ ಪಟ್ಟಿಗಳನ್ನೂ ಹೊಡೆದು ಪೆಟ್ಟಿಗೆಯನ್ನು ನೆಲದಿಂದ ಎತ್ತರಿಸುವರು. ಆ ಪಟ್ಟಿಗಳು ಕೊಳೆಯುವುದಕ್ಕೆಂದೇ ಇರತಕ್ಕವು.

ಇದೇ ವಿವೇಕ ಬೇರೆ ಕಡೆಗಳಲ್ಲಿಯೂ ಕಾಣಬರುವುದು. ಪೆಟ್ಟಿಗೆಯ ಮೈ ಹಗುರವಾದ ಪೈನ್ ಮರದ್ದು. ತುಂಬಿದ ಮೇಲೆ ಇಬ್ಬರು ಎತ್ತುವುದೇ ಕಷ್ಟವಾದುದರಿಂದ ಮರದ ಭಾರವನ್ನೂ ಅದಕ್ಕೆ ಸೇರಿಸಬಾರದು. ಆದರೆ ದಿನವೂ ಉಜ್ಜಿ ಸವೆಯುವ ತಟ್ಟೆಗಳ ತಳಕ್ಕೂ ಅವು ಜಾರುವ ಪಟ್ಟಿಗಳಿಗೂ ಗಟ್ಟಿಯಾದ ಓಕ್ ಮರವನ್ನು ಹಾಕಿ, ಆ ಜಾಡಿಗೆ ಆಗಾಗ್ಗೆ ಮೇಣವನ್ನು ತಿಕ್ಕುವರು. ಹಾಗಾದರೆ ಇಡೀ ಪೆಟ್ಟಿಗೆಯನ್ನೇ ಓಕ್ ಮರದಿಂದ ಮಾಡಬಾರದೇ? ಭಾರದ ಜೊತೆಗೆ ಮತ್ತೊಂದು ದೋಷವಿದೆ. ಓಕ್ ಮರದಲ್ಲಿ ಒಗರು ದ್ರವ್ಯ ಹೆಚ್ಚು. ತೇವವಿದ್ದಾಗ ಅದು ಕಬ್ಬಿಣದೊಡನೆ ಸೇರಿ ಕಪ್ಪಾಗುವುದು. ನಮ್ಮ ಹಿರಿಯರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿ ಮಸಿ ಮಾಡುತ್ತಿದ್ದುದು ಇದೇ ರಸಾಯನ ಕ್ರಿಯೆಯಿಂದ. ಬರೆಯುವುದಕ್ಕೆ ಇದು ಒಳ್ಳೆಯದು, ಉಳಿಯ ಅಲಗಿಗೆ ಒಳ್ಳೆಯದಲ್ಲ. ಹೊರಮೈಗೆ ಬಳಿಯುವ ಅಗಸೆ ಎಣ್ಣೆಯ ಬಣ್ಣವೂ ಅಲಂಕಾರಕ್ಕಲ್ಲ. ತೇವ ಒಳಕ್ಕೆ ಹೋಗುವ ವೇಗವನ್ನು ಅದು ತಗ್ಗಿಸುವುದು, ಮತ್ತು ಕೆರೆದುಹೋದಾಗ ಮತ್ತೊಂದು ಸಲ ಬಳಿಯಬಹುದು. ಹಳೆಯ ಪೆಟ್ಟಿಗೆಗಳಲ್ಲಿ ಒಂದರ ಮೇಲೊಂದಾಗಿ ಎರಡು ಮೂರು ಬಣ್ಣಗಳ ಪದರ ಕಾಣುವುದುಂಟು. ಅಂಟು ಕೂಡ ಪ್ರಾಣಿಗಳ ಚರ್ಮ ಮೂಳೆಗಳನ್ನು ಕಾಯಿಸಿ ತೆಗೆದುದಾದ ಕಾರಣ, ಬಿಸಿನೀರು ತಗಲಿಸಿದರೆ ಬಿಡುವುದು. ಮುರಿದ ಭಾಗವನ್ನು ಮರ ಕೆಡಿಸದೆ ಬಿಚ್ಚಿ ಕೂಡಿಸಬಹುದು.

ಹೊರಗೆ ಸಾದಾ ಬಣ್ಣವನ್ನು ಬಳಿದುಕೊಂಡ ಈ ಪೆಟ್ಟಿಗೆಗಳ ಮುಚ್ಚಳ ತೆರೆದರೆ ಒಳಗೆ ಮಹಾಗನಿ ಮೊದಲಾದ ಬೆಲೆಬಾಳುವ ಮರಗಳ ಚಿತ್ತಾರವಿರುವುದು ಅಪರೂಪವಲ್ಲ. ಮಳಿಗೆಗೆ ಬಂದವರಿಗೆ ತನ್ನ ಕೈಚಳಕವನ್ನು ತೋರಿಸುವ ಜಾಹೀರಾತು ಅದು ಎಂದು ಕೆಲವರು ಹೇಳುವರು. ದಿನಕ್ಕೆ ಹತ್ತು ಹನ್ನೆರಡು ತಾಸು ಇನ್ನೊಬ್ಬರ ಮನೆಯ ಕದ ಮೇಜುಗಳನ್ನು ಮಾಡುವವನು, ತನಗಾಗಿ ಒಂದು ಚೆಲುವಾದ ವಸ್ತುವನ್ನು ಬಯಸಿದುದು ಸಹಜವೆಂದು ನಮಗೆ ತೋರುತ್ತದೆ.

ಎರಡು ಪ್ರಸಿದ್ಧವಾದ ಪೆಟ್ಟಿಗೆಗಳನ್ನು ಇಲ್ಲಿ ಹೋಲಿಸಿ ನೋಡಬಹುದು. ಇಂಗ್ಲೆಂಡಿನ ಕೆಂಟ್ ಪ್ರಾಂತದ ಚ್ಯಾಥಮ್ ಊರಿನ ಬೆಂಜಮಿನ್ ಸೀಟನ್ ಎಂಬ ಯುವಕನಿಗೆ ಅವನ ತಂದೆ ಜೋಸೆಫ್ ಸೀಟನ್ 1796ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಲಂಡನ್ನಿನ ಕ್ರಿಸ್ಟೊಫರ್ ಗೇಬ್ರಿಯಲ್ ಎಂಬ ವರ್ತಕನಿಂದ ಉಪಕರಣಗಳ ಪೂರ್ತಿ ಸೆಟ್ಟನ್ನು ಕೊಂಡುಕೊಟ್ಟನು. ಮಗನು 1797ರಲ್ಲಿ ಅವಕ್ಕೆ ತಕ್ಕ ಪೆಟ್ಟಿಗೆಯನ್ನು ಮಾಡಿ, ಪ್ರತಿಯೊಂದು ಉಪಕರಣದ ಹೆಸರನ್ನೂ ಬೆಲೆಯನ್ನೂ ಪಟ್ಟಿಮಾಡಿ ಇಟ್ಟನು. ಪೆಟ್ಟಿಗೆಯೂ ಉಪಕರಣಗಳೂ ಆ ಪಟ್ಟಿಯೂ ಉಳಿದು ರಾಚೆಸ್ಟರ್ ಪಟ್ಟಣದ ಗಿಲ್ಡ್‌ಹಾಲ್ ವಸ್ತುಸಂಗ್ರಹಾಲಯವನ್ನು ಸೇರಿವೆ. ಆ ಕಾಲದ ಬಡಗಿತನವನ್ನು ಅಭ್ಯಾಸ ಮಾಡುವವರಿಗೆ ಇದಕ್ಕಿಂತ ದೊಡ್ಡ ನಿಧಿಯಿಲ್ಲ. ಆದರೆ ಅದು ಅಷ್ಟು ಚೆನ್ನಾಗಿ ಉಳಿಯಲು ಕಾರಣ ಒಂದೇ: ಬೆಂಜಮಿನನು ಆ ಉಪಕರಣಗಳನ್ನು ಬಹಳ ಬಳಸಲೇ ಇಲ್ಲ. ಗರಗಸದ ಹಲ್ಲುಗಳು ಅಂಗಡಿಯಲ್ಲಿ ಹೇಗಿದ್ದುವೋ ಬಹುಮಟ್ಟಿಗೆ ಹಾಗೆಯೇ ಇವೆ.

ಎರಡನೆಯದು ಅಮೆರಿಕಾದ ಹೆನ್ರಿ ಸ್ಟಡ್ಲಿ ಎಂಬಾತನದು. ಇವನು 1838ರಲ್ಲಿ ಹುಟ್ಟಿ 1925ರಲ್ಲಿ ತೀರಿಕೊಂಡನು. ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಪಿಯಾನೋ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದನು. ಇವನ ಪೆಟ್ಟಿಗೆ ನೆಲದ ಮೇಲಿಡುವುದಲ್ಲ, ಗೋಡೆಗೆ ತೂಗುಹಾಕುವುದು. ಮುಚ್ಚಿದಾಗ ಸುಮಾರು 40 ಅಂಗುಲ ಎತ್ತರ, 20 ಅಂಗುಲ ಅಗಲ ಮಾತ್ರ. ಪುಸ್ತಕದಂತೆ ತೆರೆದರೆ ಒಳಗೆ ಸುಮಾರು 300 ಉಪಕರಣಗಳು ಪದರ ಪದರವಾಗಿ ಕೂತಿವೆ. ಮಹಾಗನಿ, ಕರಿಮರ, ದಂತ, ಮುತ್ತಿನ ಚಿಪ್ಪು ಎಲ್ಲವನ್ನೂ ಅದರಲ್ಲಿ ಕಾಣಬಹುದು. ಇದು ಬಳಕೆಯಲ್ಲಿದ್ದ ಪೆಟ್ಟಿಗೆಯೇ. ಆದರೂ ಒಂದು ಮಾತು ಹೇಳಬೇಕು. ಹೊಸದೊಂದು ಉಪಕರಣ ಕೊಂಡರೆ ಅದನ್ನಿಡಲು ಅಲ್ಲಿ ಸ್ಥಳವೆಲ್ಲಿ? ಸಾದಾ ಪೆಟ್ಟಿಗೆಯ ತಟ್ಟೆಯಲ್ಲಿಯಾದರೆ ಯಾವಾಗಲೂ ಇನ್ನೊಂದಕ್ಕೆ ಎಡೆಯುಂಟು. ಕಲೆಯೆಂದು ನೋಡಿದರೆ ಸ್ಟಡ್ಲಿಯದು ಮೇಲು, ಜೀವಮಾನದ ಸಂಗಾತಿಯೆಂದು ನೋಡಿದರೆ ತಳದಲ್ಲಿ ಮೊಳೆ ಹೊಡೆದ ಹೆಸರಿಲ್ಲದ ಪೆಟ್ಟಿಗೆ ಮೇಲು ಎಂದು ನಮ್ಮ ಅಭಿಪ್ರಾಯ.

ಬಡಗಿಗೆ ಈ ಪೆಟ್ಟಿಗೆಯು ಎಷ್ಟು ಮುಖ್ಯವೆಂಬುದನ್ನು ತಿಳಿಯಬೇಕಾದರೆ ಅದನ್ನು ಕಳೆದುಕೊಂಡವನ ಸ್ಥಿತಿಯನ್ನು ನೆನೆಯಬೇಕು. ಕಾರ್ಯಾಗಾರಕ್ಕೆ ಬೆಂಕಿ ಬಿದ್ದರೆ ಯಜಮಾನನ ಕಟ್ಟಡ ಹೋಗುವುದು. ಆದರೆ ಉಪಕರಣಗಳು ಆಳಿನ ಸ್ವಂತದವು, ಹೋದರೆ ಮರುದಿನದ ಕೂಲಿಯೂ ಹೋಯಿತು. ಇಂಗ್ಲೆಂಡಿನ ಬಡಗಿಗಳು 1860ರಲ್ಲಿ ಕಟ್ಟಿಕೊಂಡ ಸಂಘವು ಕಾಯಿಲೆಗೂ ಮುಪ್ಪಿಗೂ ಸಹಾಯ ಕೊಟ್ಟಂತೆಯೇ ಬೆಂಕಿ ಕಳವುಗಳಿಂದ ಹೋದ ಉಪಕರಣಗಳಿಗೂ ಹಣ ಕೊಡುತ್ತಿದ್ದುದು ಇದಕ್ಕಾಗಿ. ನಮ್ಮ ದೇಶದ ಕಾನೂನು ಕೂಡ ಇದನ್ನು ಮರೆತಿಲ್ಲ. 1908ನೆಯ ಇಸವಿಯ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ, ಸಾಲ ತೀರಿಸಲಾರದವನ ಸೊತ್ತನ್ನು ಜಪ್ತಿಮಾಡುವಾಗ ಕುಶಲಕರ್ಮಿಯ ಉಪಕರಣಗಳನ್ನು ಮುಟ್ಟಕೂಡದು. ಅದೇ ಕಲಮು ಅದಕ್ಕೆ ಮೊದಲು ಹೆಸರಿಸುವುದು ಮನೆಯವರು ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಮತ್ತು ಧರ್ಮದ ರೂಢಿಯಂತೆ ಸ್ತ್ರೀಯು ಮೈಮೇಲಿಂದ ತೆಗೆಯಬಾರದ ಆಭರಣ ಇವುಗಳನ್ನು. ಹೆಂಡತಿಯ ಮಂಗಳಸೂತ್ರವೂ ಗಂಡನ ಗರಗಸವೂ ಒಂದೇ ಕಲಮಿನ ನೆರಳಿನಲ್ಲಿರುವುದನ್ನು ನಾವು ಗಮನಿಸತಕ್ಕದ್ದು. ಇದಕ್ಕಿಂತ ಬಹು ಹಿಂದೆ, ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬಾರದೆಂದು ವಿಧಿಸಿ, ಹಾಗೆ ಮಾಡುವುದು ಜೀವವನ್ನೇ ಒತ್ತೆಯಿಟ್ಟುಕೊಂಡಂತೆ ಎಂಬ ಕಾರಣವನ್ನು ಕೊಟ್ಟಿದೆ. ಬೀಸುವ ಕಲ್ಲು ಹೆಂಗಸರ ಕೈಯ ಉಪಕರಣ. ನಮ್ಮ ಕರ್ತನು ನಜರೇತಿನಲ್ಲಿ ಬಡಗಿಯಾಗಿದ್ದನೆಂದು ಮಾರ್ಕನ ಸುವಾರ್ತೆಯಿಂದ ಬಲ್ಲೆವು. ಆತನು ನೇಗಿಲುಗಳನ್ನೂ ನೊಗಗಳನ್ನೂ ಮಾಡುತ್ತಿದ್ದನೆಂದು ಎರಡನೆಯ ಶತಮಾನದ ಜಸ್ಟಿನ್ ಎಂಬ ಸಭಾಪಿತೃವು ಬರೆದಿಟ್ಟಿರುವನು.

ನಮ್ಮ ನಾಡಿನ ಆಚಾರಿಗಳು ನೆಲದ ಮೇಲೆ ಕುಳಿತು, ಮರವನ್ನು ಪಾದಗಳಿಂದ ಹಿಡಿದು ಕೆಲಸ ಮಾಡುವ ರೂಢಿಯವರು. ಬಾಚಿ, ಉಳಿ, ಕೊಡತಿ, ಗರಗಸ, ಹತ್ತರಿ, ಬೈರಿಗೆ ಇಷ್ಟನ್ನು ಒಂದು ಚೀಲದಲ್ಲಿ ಹೆಗಲಿಗೆ ಹಾಕಿಕೊಂಡು ಮನೆಯಿಂದ ಮನೆಗೆ ಹೋದವರೇ ಬಹಳ. ಎತ್ತರದ ಮೇಜಿನ ಮುಂದೆ ನಿಂತು ಮಾಡುವ ಕೆಲಸ ಬಂದಲ್ಲಿ ಪೆಟ್ಟಿಗೆಯೂ ಬಂದಿತು. ಆಯುಧಪೂಜೆಯ ದಿನ ನಮ್ಮ ನೆರೆಯ ಹಿಂದೂ ಕುಶಲಕರ್ಮಿಗಳು ಉಪಕರಣಗಳನ್ನೆಲ್ಲ ಹೊರಗೆ ತೆಗೆದು, ತೊಳೆದು, ಒರಸಿ ಸಾಲಾಗಿ ಇಡುವುದನ್ನು ಕಂಡವರಿಗೆ, ವರ್ಷಕ್ಕೊಮ್ಮೆಯಾದರೂ ತಳದವರೆಗೆ ಖಾಲಿಮಾಡಿ ನೋಡುವ ಪದ್ಧತಿ ಎಷ್ಟು ಉಪಯುಕ್ತವೆಂದು ಬೇರೆ ಹೇಳಬೇಕಾಗಿಲ್ಲ.

ಕಷ್ಟವು ಬರುವುದು ಪೆಟ್ಟಿಗೆಯ ಒಡೆಯನು ತೀರಿಕೊಂಡ ಮೇಲೆ. ಗಂಡುಮಕ್ಕಳು ಬೇರೆ ಉದ್ಯೋಗ ಹಿಡಿದಿರುತ್ತಾರೆ. ಹೆಣ್ಣುಮಕ್ಕಳಿಗೆ ಅದನ್ನು ಮುಟ್ಟಗೊಟ್ಟಿರುವುದೇ ಇಲ್ಲ. ಉಳಿಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ, ಪೆಟ್ಟಿಗೆ ಅಕ್ಕಿಮೂಟೆಯ ಕೆಳಗೋ ಸೌದೆಯ ರಾಶಿಗೋ ಸೇರುತ್ತದೆ. ಇಂಗ್ಲೆಂಡಿನ ಹಳೆಯ ಹತ್ತರಿಗಳ ತುದಿಯಲ್ಲಿ ಒಡೆಯನ ಹೆಸರನ್ನು ಮುದ್ರೆಯೊತ್ತುವ ವಾಡಿಕೆಯಿತ್ತು. ಕೆಲವದರ ಮೇಲೆ ಮೂರು ನಾಲ್ಕು ಹೆಸರುಗಳು ಒಂದರ ಪಕ್ಕಕ್ಕೊಂದು ಇವೆ. ಒಂದೇ ಉಪಕರಣವು ಅಷ್ಟು ಮಂದಿಯ ಅನ್ನಕ್ಕೆ ಆಧಾರವಾಗಿತ್ತು.

ಇಂತಹ ಪೆಟ್ಟಿಗೆ ನಮ್ಮ ವಾಚಕರಲ್ಲಿ ಯಾರ ಮನೆಯಲ್ಲಿಯಾದರೂ ಅಜ್ಜನಿಂದಲೋ ಮಾವನಿಂದಲೋ ಬಂದು ಉಳಿದಿದ್ದರೆ, ಕೆಲವು ಮಾತುಗಳನ್ನು ಹೇಳಬಯಸುತ್ತೇವೆ. ಅದನ್ನು ಹೊಳೆಯುವಂತೆ ಮಾಡುವ ಆಸೆಯಿಂದ ಹಳೆಯ ಬಣ್ಣವನ್ನು ಕೆರೆಯಬಾರದು. ಮಳೆಗಾಲದಲ್ಲಿ ಹೊರಗೋಡೆಗೆ ತಗಲಿಸಿ ಇಡಬಾರದು. ಒಂದು ಗೇಣಾದರೂ ಬಿಟ್ಟರೆ ಗಾಳಿಯಾಡುವುದು. ತುಕ್ಕು ಹಿಡಿದ ಅಲಗುಗಳನ್ನು ನೀರಿನಲ್ಲಿ ತೊಳೆಯದೆ ಎಣ್ಣೆ ಸವರಿ ಒಂದು ದಿನ ಬಿಟ್ಟು ಒರಸಬೇಕು. ಬೀಗದ ಕೈ ಕಳೆದಿದ್ದರೆ ಮುಚ್ಚಳವನ್ನು ಮೀಟಿ ತೆಗೆಯಲು ಹೋಗದೆ ಬೀಗ ರಿಪೇರಿಯವನನ್ನು ಕರೆಯಿರಿ. ಮೀಟಿದರೆ ಮೊದಲು ಸೀಳುವುದು ಚೌಕಟ್ಟಿನ ಮುಂಪಟ್ಟಿ. ಗೆದ್ದಲು ಹಿಡಿದ ತಳವನ್ನು ಕಿತ್ತು ಹೊಸದನ್ನು ಹಾಕಿಸುವಾಗ, ಎಳೆ ಮುಂದಿನಿಂದ ಹಿಂದಕ್ಕೆ ಹೋಗುವಂತೆಯೇ ಹಲಗೆಗಳನ್ನು ಕೊಯ್ಯಿಸಿ, ಅಂಟು ಹಾಕಬೇಡವೆಂದು ಆಚಾರಿಗೆ ಮೊದಲೇ ತಿಳಿಸಬೇಕು.